ಡೈರಿ ನಿರ್ದೇಶಕರ ನಾಯಕತ್ವ ತರಬೇತಿ: ಹೋಗಿ ಬಂದವರು ಯಾರಾದರೂ ಇದ್ದೀರಾ?

ಮೂರು ಹಸು
ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಮನೆಯಲ್ಲಿ ಮೂರು ಹಸು ಇವೆ, ಎರಡು ಹಾಲು ಕೊಡುತ್ತಿವೆ, ಒಂದು ತುಂಬು ಗಬ್ಬ. ಹೋದ ತಿಂಗಳು ನಮ್ಮೂರ ಹಾಲು ಉತ್ಪಾದಕರ ಸಂಘಕ್ಕೆ ಚುನಾವಣೆ ಆಯಿತು. ಮಹಿಳೆಯರ ಸ್ಥಾನಕ್ಕೆ ಯಾರೂ ನಾಮಪತ್ರ ಹಾಕಿಲ್ಲ ಅಂತ ಕೊನೇ ದಿನ ಮನೆ ಹತ್ತಿರ ಬಂದು ನನ್ನ ಸಹಿ ತೆಗೆದುಕೊಂಡು ಹೋದರು. ಅವಿರೋಧ ಆಯ್ಕೆ. ಈಗ ನಾನು ನಿರ್ದೇಶಕಿ.

ಮೊದಲ ಸಭೆಗೆ ಹೋದೆ. ಟೀ ಬಂತು, ಬಿಸ್ಕೆಟ್ ಬಂತು. ನಡಾವಳಿ ಪುಸ್ತಕ ಕೈಗೆ ಕೊಟ್ಟು "ಇಲ್ಲಿ ಸೈನ್ ಹಾಕಿ ಅಕ್ಕ" ಅಂದರು. ಹಾಕಿದೆ. ಆಮೇಲೆ ನೋಡಿದರೆ ಮೇಲೆ ಏನೂ ಬರೆದೇ ಇರಲಿಲ್ಲ, ಖಾಲಿ ಪುಟ. "ನಿಧಾನಕ್ಕೆ ಬರ್ಕೋತೀವಿ ಬಿಡಿ" ಅಂದರು. ರಾತ್ರಿ ನಿದ್ದೆ ಬರಲಿಲ್ಲ.

ಈಗ ಮೂರು ದಿನದ ನಾಯಕತ್ವ ತರಬೇತಿಗೆ ಬನ್ನಿ ಅಂತ ಪತ್ರ ಬಂದಿದೆ. ಮನೆಯವರು "ಹೋಗು, ಬ್ಯಾಗ್ ಕೊಡ್ತಾರೆ" ಅಂತ ನಗುತ್ತಾರೆ. ಮೂರು ದಿನ ಹಾಲು ಕರೆಯುವುದಕ್ಕೆ ಅತ್ತೆ ಒಪ್ಪಬೇಕು, ಅದು ಬೇರೆ ಮಾತು. ಹೋದರೆ ನಿಜವಾಗಿ ಏನಾದರೂ ಸಿಗುತ್ತದಾ?

ಸೈಟಿಗೆ ಕಾದವನು
ಬ್ಯಾಗ್ ಸಿಗುತ್ತದೆ. ಅದರೊಳಗೆ ಒಂದು ಪ್ಯಾಡ್, ಒಂದು ಪೆನ್ನು. ಪೆನ್ನು ಎರಡನೇ ದಿನ ನಿಲ್ಲುತ್ತದೆ.

ತಮಾಷೆ ಬಿಡಿ. ನಾನು ಬೆಂಗಳೂರಿನ ಒಂದು ಗೃಹ ನಿರ್ಮಾಣ ಸಹಕಾರ ಸಂಘದ ಸದಸ್ಯ. 11 ವರ್ಷದಿಂದ ಸೈಟಿಗೆ ಕಾಯುತ್ತಿದ್ದೇನೆ. ನಮ್ಮ ನಿರ್ದೇಶಕರು ಹೋಗದ ತರಬೇತಿ ಇಲ್ಲ, ಮಾಡದ ಅಧ್ಯಯನ ಪ್ರವಾಸ ಇಲ್ಲ. ವಾರ್ಷಿಕ ವರದಿಯ ತುಂಬಾ ಅದರದ್ದೇ ಗ್ರೂಪ್ ಫೋಟೋ, ಹಿಂದೆ ಒಂದು ಜಲಪಾತ. ಸೈಟ್ ಮಾತ್ರ ಇಲ್ಲ. ನಾಯಕತ್ವ ಕಲಿಸಿದರೆ ಬರುವಂಥದ್ದಲ್ಲ ಅಕ್ಕ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಾಡಿನ ಮೊದಲ ಸಹಕಾರ ಸಂಘ ಕಟ್ಟಿದಾಗ ಅವರಿಗೆ ಯಾರು ತರಬೇತಿ ಕೊಟ್ಟಿದ್ದರು?

ನಿವೃತ್ತ ಗುಮಾಸ್ತ
ಕಣಗಿನಹಾಳದ ಹೆಸರು ತೆಗೆದದ್ದಕ್ಕೆ ನಾನು ಬಾಯಿ ಹಾಕುತ್ತೇನೆ. ನಾನು ಗದಗ ಕಡೆಯವನ್ರೀ. ಪತ್ತಿನ ಸಂಘದಲ್ಲಿ 31 ವರ್ಷ ಕಾರ್ಯದರ್ಶಿ ಆಗಿದ್ದೆ, ಈಗ ನಿವೃತ್ತ.

ಸಹಕಾರ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ, ಮರುವರ್ಷವೇ ಕಣಗಿನಹಾಳದ ಸಂಘ. ನಿಜ, ಯಾರೂ ತರಬೇತಿ ಕೊಟ್ಟಿರಲಿಕ್ಕಿಲ್ಲ. ಆದರೆ ಆಗ ಕೆಲಸ ಏನಿತ್ತು? ಸಾಲ ಕೊಡುವುದು, ವಸೂಲಿ ಮಾಡುವುದು. ಈಗ ಒಂದು ಹಳ್ಳಿ ಸಂಘಕ್ಕೆ ಬೆಳೆ ಸಾಲ, ಗೊಬ್ಬರ, ಪಡಿತರ, ಠೇವಣಿ, ಸ್ವಸಹಾಯ ಗುಂಪಿನ ಸಾಲ, ಬಂಗಾರದ ಮೇಲಿನ ಸಾಲ ಎಲ್ಲಾ ಇದೆ. 5 ಲಕ್ಷದವರೆಗೆ ಬಡ್ಡಿ ಇಲ್ಲದ ಬೆಳೆ ಸಾಲ ಅಂದಮೇಲೆ ಆ ಬಡ್ಡಿಯ ಸಹಾಯಧನ ಯಾವಾಗ ಬರುತ್ತದೆ, ಬರುವ ತನಕ ಸಂಘ ಯಾವ ದುಡ್ಡಲ್ಲಿ ನಡೆಯುತ್ತದೆ, ಇದೆಲ್ಲ ನಿರ್ದೇಶಕನಿಗೆ ಗೊತ್ತಿರಬೇಕಲ್ಲ.

ಈಗ ಒಂದು ಸತ್ಯ ಹೇಳುತ್ತೇನೆ, ನಿವೃತ್ತನಾದ ಮೇಲೆ ಹೇಳುವುದು ಸುಲಭ. ನಿರ್ದೇಶಕರಿಗೆ ಲೆಕ್ಕ ತಿಳಿಯದೇ ಇರುವುದೇ ನಮ್ಮಂಥ ಕಾರ್ಯದರ್ಶಿಗಳಿಗೆ ಅನುಕೂಲ. ನಾನು ದುಡ್ಡು ತಿಂದವನಲ್ಲ, ಆಡಿಟ್‌ನಲ್ಲಿ ಒಂದು ಆಕ್ಷೇಪಣೆಯೂ ಉಳಿದಿರಲಿಲ್ಲ. ಆದರೂ ಸಭೆ ಬೇಗ ಮುಗಿಯಬೇಕು ಅನ್ನುವ ಆಸೆ ಇರುತ್ತದೆ. ಅದಕ್ಕೆ ನಮ್ಮದೊಂದು ಪದ್ಧತಿ ಇತ್ತು. ಅಜೆಂಡಾದಲ್ಲಿ 16 ವಿಷಯ ಹಾಕುವುದು. ಮೊದಲ ಆರು ಏನೂ ತಕರಾರು ಇಲ್ಲದ್ದು, ಹಿಂದಿನ ನಡಾವಳಿ ದೃಢೀಕರಣ, ಜಮಾ-ಖರ್ಚು ಓದುವುದು ಇತ್ಯಾದಿ. ಏಳನೆಯದು ಕಷ್ಟದ್ದು, ಅಷ್ಟೊತ್ತಿಗೆ ಸರಿಯಾಗಿ ಮಿರ್ಚಿ ಭಜಿ, ಚುರುಮುರಿ ಬರಬೇಕು. ತಿನ್ನುತ್ತಾ "ಒಪ್ಪಿಗೆ, ಒಪ್ಪಿಗೆ". ಕೈಗೆ ಎಣ್ಣೆ ಆದಮೇಲೆ ಯಾರೂ ಕಾಗದ ಮುಟ್ಟುವುದಿಲ್ಲ ನೋಡ್ರಿ.

ತಂಗಿ, ತರಬೇತಿಗೆ ಹೋಗು. ಬ್ಯಾಗಿಗೆ ಅಲ್ಲ, ಕಾಗದ ಓದುವುದು ಕಲಿಯಲಿಕ್ಕೆ.

ಸೈಟಿಗೆ ಕಾದವನು
ಮಿರ್ಚಿ ಭಜಿ ಥಿಯರಿಗೆ ನಮಸ್ಕಾರ ಸರ್. ನಮ್ಮಲ್ಲಿ ಅದು ಮಸಾಲೆ ದೋಸೆ.

ಕರಿಹಲಗೆ
ನಾನು ಇಂಥ ತರಬೇತಿಗಳಲ್ಲಿ ಸುಮಾರು 12 ವರ್ಷ ಪಾಠ ಮಾಡಿದವನು. ಬೈಯುವವರು ನನ್ನನ್ನೂ ಸೇರಿಸಿ ಬೈಯಬಹುದು.

ಮೂರು ದಿನ ಹೇಗೆ ಕಳೆಯುತ್ತದೆ ಹೇಳುತ್ತೇನೆ. ಹತ್ತು ಗಂಟೆಗೆ ಉದ್ಘಾಟನೆ. ಮುಖ್ಯ ಅತಿಥಿ ಬರುವುದು ಹನ್ನೊಂದೂವರೆಗೆ. ದೀಪ, ಪ್ರಾರ್ಥನೆ, ಹಾರ, ಶಾಲು, ಎಲ್ಲರದ್ದೂ ಭಾಷಣ. ಊಟದ ಹೊತ್ತಿಗೆ ನನ್ನ ಕೈಗೆ ಮೈಕ್ ಬರುತ್ತದೆ, ನನಗೆ ಕೊಟ್ಟ ವಿಷಯ "ಸಹಕಾರದ ಏಳು ತತ್ವಗಳು". 1995ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಒಪ್ಪಿಕೊಂಡ ಏಳು. ಅವು ಒಳ್ಳೆಯವೇ, ಆದರೆ ಹಸಿದ ನಲವತ್ತು ಜನರ ಮುಂದೆ ಏಳು ಸಾಲು ಓದಿದರೆ ಅದು ಮಂತ್ರದ ಹಾಗೆ ಕೇಳುತ್ತದೆ ಅಷ್ಟೆ. ಮಧ್ಯಾಹ್ನ ಕಾಯ್ದೆ. ಎರಡನೇ ದಿನ ವ್ಯಕ್ತಿತ್ವ ವಿಕಸನ, ಅಂದರೆ ಯಾರೋ ಬಂದು ಎಲ್ಲರಿಗೂ ಚಪ್ಪಾಳೆ ಹೊಡೆಸುತ್ತಾರೆ. ಮೂರನೇ ದಿನ ಮಧ್ಯಾಹ್ನ ಪ್ರಮಾಣಪತ್ರ, ಅದಕ್ಕೆ ಮೊದಲೇ ಅರ್ಧ ಜನ ಬಸ್ ಹತ್ತಿರುತ್ತಾರೆ.

ಐದಾರು ವರ್ಷ ಹೀಗೇ ಮಾಡಿದೆ. ಒಂದು ಸಲ ಊಟ ಆದ ಮೇಲೆ ಒಬ್ಬ ಹಿರಿಯರು ಪಕ್ಕಕ್ಕೆ ಕರೆದು ಅವರ ಸಂಘದ ಅಢಾವೆ ಪತ್ರಿಕೆ, ಅಂದರೆ ಬ್ಯಾಲೆನ್ಸ್ ಶೀಟ್, ತೋರಿಸಿದರು. ನಾಲ್ಕಾಗಿ ಮಡಿಸಿ ಜೇಬಲ್ಲಿ ಇಟ್ಟುಕೊಂಡಿದ್ದರು, ಮಡಿಕೆಯ ಜಾಗ ಹರಿಯುವಷ್ಟು ಹಳೆಯದು. "ಸಾರ್, ಇದರಲ್ಲಿ ಎಡಗಡೆದು ಏನು, ಬಲಗಡೆದು ಏನು?" ಅಂತ ಕೇಳಿದರು. ಅವರು ಆಗ ಮೂರನೇ ಅವಧಿಗೆ ಅಧ್ಯಕ್ಷರು. ಅಂದರೆ ಹತ್ತು ವರ್ಷಕ್ಕಿಂತ ಜಾಸ್ತಿ ಆ ಕಾಗದಕ್ಕೆ ಸಹಿ ಹಾಕಿದ್ದಾರೆ, ಇಲ್ಲಿಯವರೆಗೆ ಯಾರನ್ನೂ ಕೇಳಿಲ್ಲ. ಸೆಕ್ರೆಟರಿಯನ್ನು ಕೇಳಿದರೆ ಮರ್ಯಾದೆ ಹೋಗುತ್ತದೆ, ಸದಸ್ಯರ ಮುಂದೆ ಕೇಳುವ ಹಾಗೇ ಇಲ್ಲ.

ಅವತ್ತಿನಿಂದ ನನ್ನ ಪಾಠ ಬದಲಾಯಿತು. ಹೆಸರು ಅಳಿಸಿದ ಒಂದು ಸಂಘದ ಅಢಾವೆ ಪತ್ರಿಕೆ ಎಲ್ಲರಿಗೂ ಜೆರಾಕ್ಸ್ ಮಾಡಿ ಕೊಡುತ್ತೇನೆ. ಷೇರು, ಠೇವಣಿ, ನಿಧಿ, ಕೊಡತಕ್ಕ ಬಾಕಿ ಒಂದು ಕಡೆ. ಕೈಮೇಲಿನ ನಗದು, ಬ್ಯಾಂಕಿನಲ್ಲಿರುವುದು, ದಾಸ್ತಾನು, ಬರತಕ್ಕ ಬಾಕಿ, ಕಟ್ಟಡ ಇನ್ನೊಂದು ಕಡೆ. "ದುಡ್ಡು ಎಲ್ಲಿಂದ ಬಂತು, ಎಲ್ಲಿ ಹೋಗಿ ಕೂತಿದೆ" ಅಷ್ಟೇ ಕಥೆ ಅಂತ ಹೇಳಿ, ಇದರಲ್ಲಿ ಮೂರು ಕಡೆ ವಾಸನೆ ಹೊಡೆಯುತ್ತಿದೆ ಹುಡುಕಿ ಅಂದರೆ ಸಾಕು, ಊಟದ ನಂತರವೂ ಯಾರೂ ನಿದ್ದೆ ಮಾಡುವುದಿಲ್ಲ. ಹಾಲಿನ ಡೈರಿಯವರು ಪಶು ಆಹಾರದ ದಾಸ್ತಾನನ್ನು ಮೊದಲು ಹಿಡಿಯುತ್ತಾರೆ. "ಇಷ್ಟೊಂದು ಮೂಟೆ ಇಡೋಕೆ ಗೋಡೌನ್ ಎಷ್ಟು ದೊಡ್ಡದಿದೆ?" ಅಂತ ಒಬ್ಬಾಕೆ ಕೇಳಿದ್ದರು. ಆಡಿಟರ್ ಕೇಳಬೇಕಾದ ಪ್ರಶ್ನೆ ಅದು.

ಕಲಂ 69
ಕಾನೂನಿನ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೂರು ಹಸು ಮೇಡಂ, ಖಾಲಿ ಪುಟಕ್ಕೆ ಸಹಿ ಹಾಕಿದ್ದು ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ ಅಂತು.

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರಲ್ಲಿ 63 ಆಡಿಟ್, 64 ವಿಚಾರಣೆ, 69 ಅಧಿಭಾರ. ಕೊನೆಯದನ್ನು ನೆನಪಿಡಿ. ನಂಬಿಕೆ ದ್ರೋಹದಿಂದ ಅಥವಾ ಬೇಕೆಂತಲೇ ಮಾಡಿದ ನಿರ್ಲಕ್ಷ್ಯದಿಂದ ಸಂಘಕ್ಕೆ ನಷ್ಟ ಆದರೆ ಆ ದುಡ್ಡನ್ನು ಕಾರಣರಾದವರಿಂದಲೇ ವಸೂಲಿ ಮಾಡಲು ಅವಕಾಶ ಇದೆ. "ನಾನು ಓದಲಿಲ್ಲ, ಸೈನ್ ಹಾಕು ಅಂದರು, ಹಾಕಿದೆ" ಅನ್ನುವುದನ್ನು ಉತ್ತರ ಅಂತ ಯಾರೂ ತೆಗೆದುಕೊಳ್ಳುವುದಿಲ್ಲ. ಒಪ್ಪಿಗೆ ಇಲ್ಲದಿದ್ದರೆ ನಡಾವಳಿಯಲ್ಲೇ ನಿಮ್ಮ ಭಿನ್ನಾಭಿಪ್ರಾಯ ಬರೆಸಿ, ನಿಮ್ಮ ಕೈಯಲ್ಲೇ ಬರೆದರೆ ಇನ್ನೂ ಒಳ್ಳೆಯದು.

ತರಬೇತಿಯಲ್ಲಿ ಕಾಯ್ದೆ ಪಾಠ ಬೋರ್ ಅಂತ ಕರಿಹಲಗೆ ಸರ್ ಹೇಳಿದರು, ಒಪ್ಪುತ್ತೇನೆ. ಆದರೆ ಈ ಒಂದು ಕಲಂ ಆದರೂ ಕಿವಿ ಹಿಂಡಿ ಹೇಳಬೇಕು. ಮೂರು ದಿನದಲ್ಲಿ ಅರ್ಧ ಗಂಟೆ ಸಾಕು.

ಸೈಟಿಗೆ ಕಾದವನು
ಇಷ್ಟೆಲ್ಲಾ ಹೆದರಿಸಿದರೆ ಯಾರು ನಿರ್ದೇಶಕರಾಗುತ್ತಾರೆ ಸ್ವಾಮಿ? ಮೊದಲೇ ಮಹಿಳಾ ಸ್ಥಾನಕ್ಕೆ ನಾಮಪತ್ರ ಇಲ್ಲ.

ಕಲಂ 69
ಹೆದರಿಸಲಿಲ್ಲ. ಹೆದರಬೇಕಾದವರು ಬೇರೆಯವರು.

ಅಡಿಕೆ ಚೊಗರು
ಪುತ್ತೂರಿನಿಂದ. ನಮ್ಮ ಕಡೆಯ ಅನುಭವ ಸ್ವಲ್ಪ ಬೇರೆ ಮಾರಾಯ್ರೇ. ಮೊಳಹಳ್ಳಿ ಶಿವರಾಯರನ್ನು ಇಲ್ಲಿ ಸಹಕಾರದ ಪಿತಾಮಹ ಅಂತಲೇ ಕರೆಯುವುದು. ಮನೆಯಲ್ಲಿ ಅಜ್ಜ, ಅಪ್ಪ ಎಲ್ಲರೂ ಯಾವುದಾದರೂ ಒಂದು ಸೊಸೈಟಿಯ ಸಭೆಗೆ ಹೋದವರೇ. 1970ರ ಸುಮಾರಿಗೆ ಅಡಿಕೆ ರೇಟು ನೆಲ ಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಕ್ಯಾಂಪ್ಕೋ ಆಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೂ ಬಂತು. ಅಡಿಕೆ ಬೆಳೆಗಾರರ ಸಂಘ ಕೋಕೋ ಹಿಡಿದು ಚಾಕೊಲೇಟ್ ಮಾಡುವುದು ಅಂದರೆ ಸಣ್ಣ ಧೈರ್ಯವಾ?

ಆ ಧೈರ್ಯ ತರಬೇತಿ ಹಾಲ್‌ನಲ್ಲಿ ಬರುವುದಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಈಗ ಏನಾಗಿದೆ ಅಂದರೆ ಹುಡುಗರು ಸಭೆಗೇ ಬರುವುದಿಲ್ಲ. ನಮ್ಮ ಮಹಾಸಭೆಯಲ್ಲಿ ಹೋದ ಸೆಪ್ಟೆಂಬರಿನಲ್ಲಿ ಹಿಂದಿನ ಸಾಲಲ್ಲಿ ಕೂತು ನೋಡಿದೆ, ಬಿಳಿ ತಲೆಗಳೇ. ಒಬ್ಬ ಇಪ್ಪತ್ತೈದರ ಹುಡುಗ ಇದ್ದ, ಅವನು ಧ್ವನಿವರ್ಧಕದವನು. ಇರುವ ನಿರ್ದೇಶಕರಿಗೆ ತರಬೇತಿ ಕೊಡುವುದಕ್ಕಿಂತ ಮೊದಲು ಸದಸ್ಯರಿಗೆ, ಅದರಲ್ಲೂ ಮೂವತ್ತರ ಒಳಗಿನವರಿಗೆ ಕೊಡಿ ಅಂತ ನನ್ನ ವಾದ. ಚುನಾವಣೆ ಗೆದ್ದ ಮೇಲೆ ಈಜು ಕಲಿಸುವುದು ಯಾಕೆ, ನೀರಿಗೆ ಇಳಿಯುವ ಮೊದಲೇ ಕಲಿಸಿ.

ಕರಿಹಲಗೆ
ಅಡಿಕೆ ಚೊಗರು ಹೇಳಿದ್ದು ನೂರಕ್ಕೆ ನೂರು ಸರಿ. ಸ್ಪೇನ್‌ನ ಮೊಂಡ್ರಾಗಾನ್ ಅಂತ ಕೇಳಿರಬಹುದು, ಕೆಲಸಗಾರರೇ ಮಾಲೀಕರಾಗಿರುವ ಸಹಕಾರಿ ಕಾರ್ಖಾನೆಗಳ ದೊಡ್ಡ ಗುಂಪು. ಅಲ್ಲಿ ಒಬ್ಬ ಪಾದ್ರಿ ಮೊದಲು ಶುರು ಮಾಡಿದ್ದು ಕಾರ್ಖಾನೆ ಅಲ್ಲ, ಶಾಲೆ. 1943ರಲ್ಲಿ ತಾಂತ್ರಿಕ ಶಾಲೆ, ಅಲ್ಲಿ ಓದಿದ ಹುಡುಗರು ಸೇರಿ ಮೊದಲ ಸಹಕಾರಿ ಉದ್ದಿಮೆ ಕಟ್ಟಿದ್ದು 1956ರಲ್ಲಿ. ನಡುವೆ 13 ವರ್ಷ.

ಇಂಗ್ಲೆಂಡಿನ ರೋಚ್‌ಡೇಲ್‌ನವರು, 1844ರಲ್ಲಿ ಅಂಗಡಿ ತೆರೆದವರು, ಆಮೇಲೆ ತಮ್ಮ ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲು ಓದಿಗೇ ಎತ್ತಿಡುತ್ತಿದ್ದರು. ನಮ್ಮಲ್ಲೂ ಲಾಭ ಹಂಚುವಾಗ 25% ಆಪದ್ಧನಕ್ಕೆ ಹೋದಮೇಲೆ ಸಹಕಾರ ಶಿಕ್ಷಣ ನಿಧಿ ಅಂತ ಒಂದು ಸಾಲು ಇರುತ್ತದೆ. ಆ ದುಡ್ಡು ನಿಮ್ಮ ಸಂಘದಿಂದಲೇ ಹೋಗುತ್ತಿದೆ ಮೇಡಂ. ಅಂದರೆ ನಿಮ್ಮ ಹಾಲಿನ ದುಡ್ಡು. ಹಾಗಾಗಿ ತರಬೇತಿಯಲ್ಲಿ "ಇದು ಅರ್ಥ ಆಗಲಿಲ್ಲ, ಮತ್ತೆ ಹೇಳಿ" ಅಂತ ಕೇಳುವುದಕ್ಕೆ ಸಂಕೋಚ ಬೇಡ.

ಸೈಟಿಗೆ ಕಾದವನು
ಶಿಕ್ಷಣ ನಿಧಿ ಅಂತ ಕಡಿಯುವುದು ಗೊತ್ತಿರಲಿಲ್ಲ. ನಮ್ಮ ಸಂಘದ ವರದಿ ತೆಗೆದು ನೋಡಿದೆ, ಇದೆ! ಪುಟ 23. ಹನ್ನೊಂದು ವರ್ಷದಲ್ಲಿ ಮೊದಲ ಸಲ ಪುಟ 23 ನೋಡಿದ್ದು, ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ಮಾತು. 2025ರಲ್ಲಿ ಆಣಂದದಲ್ಲಿ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯ ಅಂತ ಕೇಂದ್ರದವರು ಮಾಡಿದ್ದಾರಲ್ಲ, ಇನ್ನು ಮೇಲೆ ಎಂಬಿಎ ಮಾಡಿದವರು ಬಂದು ಸಂಘ ನಡೆಸುತ್ತಾರೆ. ಹಳ್ಳಿಯ ನಿರ್ದೇಶಕರಿಗೆ ಮೂರು ದಿನ ಪಾಠ ಯಾಕೆ?

ನಿವೃತ್ತ ಗುಮಾಸ್ತ
ತಮ್ಮಾ, ಅಲ್ಲೇ ತಪ್ಪಿತು. ಓದಿದ ಮ್ಯಾನೇಜರ್ ಬರಲಿ, ಬೇಡ ಅನ್ನುವುದಿಲ್ಲ. ನಮ್ಮಲ್ಲಿ ನೌಕರರಿಗೆ ಮೊದಲಿನಿಂದ ಓದು ಇದೆ. ಸಹಕಾರ ಮಹಾಮಂಡಳದ ಕೇಂದ್ರಗಳಲ್ಲಿ ಆರು ತಿಂಗಳ ಡಿಸಿಎಂ, ಅಂದರೆ ಸಹಕಾರ ನಿರ್ವಹಣೆಯ ಡಿಪ್ಲೊಮಾ, ನಾನೂ ಧಾರವಾಡದಲ್ಲಿ ಅದನ್ನು ಮಾಡಿದವನೇ. ನೌಕರನಿಗೆ ಆರು ತಿಂಗಳು, ಅವನನ್ನು ಕೇಳಬೇಕಾದ ನಿರ್ದೇಶಕನಿಗೆ ಮೂರು ದಿನ, ಅದರಲ್ಲೂ ಒಂದು ದಿನ ಹಾರ-ಶಾಲು. ತಕ್ಕಡಿ ಹೆಂಗ ಸರಿಯಾಗಬೇಕು? ನೌಕರ ಜಾಸ್ತಿ ಓದಿದಷ್ಟೂ ಎದುರಿಗೆ ಕೂತವರು ಜಾಸ್ತಿ ಕೇಳುವಂತಿರಬೇಕು.

ಹೆಸರಲ್ಲಿ ಅಧ್ಯಕ್ಷೆ
ತಡವಾಗಿ ಬಂದೆ. ನಾನು ಮಹಿಳಾ ಹಾಲು ಸಂಘದಲ್ಲಿ ಒಂದು ಅವಧಿ ಅಧ್ಯಕ್ಷೆ ಆಗಿದ್ದವಳು, ಹೆಂಗಸರಿಗೆ ತರಬೇತಿ, ಉದ್ಯೋಗ ಕೊಡುವ ಸರ್ಕಾರದ ಸ್ಟೆಪ್ ಯೋಜನೆಯಲ್ಲಿ ಶುರುವಾದ ಸಂಘ. ಮೂರು ಹಸು ಅಕ್ಕ, ನಿಮಗೆ ಮಾತ್ರ ಈ ನಾಲ್ಕು ಮಾತು, ಗಂಡಸರು ಬೇಕಾದರೆ ಓದಬಹುದು.

ತರಬೇತಿಗೆ ಯಜಮಾನರನ್ನು ಕರೆದುಕೊಂಡು ಹೋಗಬೇಡಿ. ಬಸ್‌ಸ್ಟ್ಯಾಂಡ್ ತನಕ ಬರಲಿ ಸಾಕು. ನಾನು ಮೊದಲ ಸಲ ಹೋದಾಗ ಹನ್ನೆರಡು ಜನ ಹೆಂಗಸರು, ಹಿಂದೆ ಹನ್ನೆರಡು ಜನ ಗಂಡಂದಿರು. ಮೇಷ್ಟ್ರು ಪ್ರಶ್ನೆ ಕೇಳಿದರೆ ಹಿಂದಿನಿಂದ ಉತ್ತರ. ಮುಂದಿನ ಸಾಲಲ್ಲಿ ಕೂತುಕೊಳ್ಳಿ, ಫ್ಯಾನ್ ಕೆಳಗೆ ಬೇಡ, ಏನೂ ಕೇಳಿಸುವುದಿಲ್ಲ. ನಿಮ್ಮ ಸಂಘದ ಬೈಲಾ, ಅಂದರೆ ಸಂಘದ ನಿಯಮಗಳ ಪುಸ್ತಕ, ಅದರ ಪ್ರತಿ ತೆಗೆದುಕೊಂಡೇ ಹೋಗಿ. ಕೊಡುವುದಿಲ್ಲ ಅಂದರೆ ಸಂಘದಿಂದ ಮೊದಲ ಪಾಠ ಅದೇ ಅಂತ ತಿಳಿದುಕೊಳ್ಳಿ.

ಇನ್ನೊಂದು. ಸಭೆಯಲ್ಲಿ ಮೊದಲ ಸಲ ಮಾತಾಡುವಾಗ ಗಂಟಲು ಒಣಗುತ್ತದೆ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿ. ನಾನು ಮೊದಲು ಕೇಳಿದ್ದು ಸ್ಯಾಂಪಲ್ ಹಾಲಿನ ಬಗ್ಗೆ. ಫ್ಯಾಟ್ ನೋಡುವುದಕ್ಕೆ ದಿನಾ ಎಲ್ಲರ ಹತ್ತಿರ ಸ್ವಲ್ಪ ಸ್ವಲ್ಪ ತೆಗೆಯುತ್ತಾರಲ್ಲ, ಉಳಿದ ಹಾಲು ಮಾರಿದ ದುಡ್ಡು ಯಾವ ಖಾತೆಗೆ ಹೋಗುತ್ತದೆ ಅಂತ. ಐದು ನಿಮಿಷ ಯಾರೂ ಉಸಿರೇ ಬಿಡಲಿಲ್ಲ. ಆಮೇಲಿನ ತಿಂಗಳಿಂದ ಜಮಾ-ಖರ್ಚಿನಲ್ಲಿ ಅದಕ್ಕೆ ಒಂದು ಸಾಲು ಬಂತು.

ಮೂರು ಹಸು
ಎಲ್ಲರಿಗೂ ಥ್ಯಾಂಕ್ಸ್. ಅತ್ತೆ ಒಪ್ಪಿದ್ದಾರೆ, "ಮೂರೇ ದಿನ" ಅಂತ ಕಂಡೀಷನ್ ಹಾಕಿ. ಸೋಮವಾರ ಹೊರಡುತ್ತೇನೆ. ಬೈಲಾ ಕೇಳಿದೆ, ಬೀರು ಕೀ ಸಿಗುತ್ತಿಲ್ಲವಂತೆ.

ಮೂರು ಹಸು
ಹೋಗಿ ಬಂದೆ. ಆರು ವಾರ ಆಯಿತು ಬರೆಯಲಿಕ್ಕೆ, ಬೇಜಾರು ಮಾಡಿಕೊಳ್ಳಬೇಡಿ.

ಬ್ಯಾಗ್ ಕೊಟ್ಟರು. ನೀಲಿ ಬಣ್ಣ, ಮಗ ಟ್ಯೂಷನ್‌ಗೆ ತೆಗೆದುಕೊಂಡು ಹೋಗುತ್ತಾನೆ. ಮೊದಲ ದಿನ ಕರಿಹಲಗೆ ಸರ್ ಹೇಳಿದ ಹಾಗೇ ಆಯಿತು, ಅತಿಥಿ ಹನ್ನೊಂದೂವರೆ ಅಲ್ಲ, ಹನ್ನೆರಡಕ್ಕೆ. ಚಪ್ಪಾಳೆ ಹೊಡೆಸುವವರೂ ಬಂದಿದ್ದರು. ಆದರೆ ಎರಡನೇ ದಿನ ಮಧ್ಯಾಹ್ನ ಒಬ್ಬ ಮೇಡಂ ಬಂದು ಭಾಷಣ ಏನೂ ಮಾಡದೆ ನಮ್ಮನ್ನು ಗುಂಪು ಮಾಡಿ ಕೂರಿಸಿದರು. ಒಬ್ಬರು ಅಧ್ಯಕ್ಷರು, ಒಬ್ಬರು ಸೆಕ್ರೆಟರಿ, ಉಳಿದವರು ನಿರ್ದೇಶಕರು. ಸುಳ್ಳು ಸಭೆ ನಡೆಸಿ ಅಂದರು. ನನಗೆ ಸೆಕ್ರೆಟರಿ ಪಾರ್ಟು. ನಂಬುತ್ತೀರೋ ಇಲ್ಲವೋ, ಹತ್ತು ನಿಮಿಷದಲ್ಲಿ ನಾನೂ "ಅದೆಲ್ಲ ಆಡಿಟರ್ ನೋಡಿದ್ದಾರೆ, ಮುಂದಿನ ವಿಷಯಕ್ಕೆ ಹೋಗೋಣ" ಅಂತ ಹೇಳುತ್ತಿದ್ದೆ! ಆ ಕುರ್ಚಿಯಲ್ಲಿ ಕೂತರೆ ಹಾಗೇ ಬಾಯಿಗೆ ಬರುತ್ತದೆ. ಗುಮಾಸ್ತ ಸರ್ ಬರೆದದ್ದು ಅವತ್ತು ಪೂರ್ತಿ ಅರ್ಥ ಆಯಿತು. ಎಲ್ಲರೂ ನಕ್ಕರು, ನಾನೂ ನಕ್ಕೆ, ರಾತ್ರಿ ಹಾಸ್ಟೆಲ್‌ನಲ್ಲಿ ಮಲಗಿದಾಗ ಮಾತ್ರ ನಗು ಬರಲಿಲ್ಲ.

ಬಂದಮೇಲೆ ಬೈಲಾಗೆ ಲಿಖಿತವಾಗಿ ಅರ್ಜಿ ಕೊಟ್ಟೆ. ಕೀ ಸಿಕ್ಕಿತು. ಅದರಲ್ಲಿ ಸೆಕ್ರೆಟರಿ ಕೈಯಲ್ಲಿ ಇಟ್ಟುಕೊಳ್ಳಬಹುದಾದ ನಗದು 5,000 ಅಂತ ಇದೆ. ಅಢಾವೆ ಪತ್ರಿಕೆಯಲ್ಲಿ ಮಾರ್ಚ್ 31ಕ್ಕೆ ಕೈಮೇಲಿನ ನಗದು 84,310. ಹಾಲಿನ ದುಡ್ಡಿನ ಬಟವಾಡೆ ಎಲ್ಲಾ ಈಗ ನಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ, ಪಶು ಆಹಾರದ ದುಡ್ಡನ್ನು ಬಟವಾಡೆಯಲ್ಲೇ ಮುರಿದುಕೊಳ್ಳುತ್ತಾರೆ. ಹಾಗಾದರೆ ಇಷ್ಟು ನಗದು ಎಲ್ಲಿಂದ, ಯಾಕೆ? ಚೀಟಿಯಲ್ಲಿ ಬರೆದುಕೊಂಡೆ.

ಹೋದ ಶುಕ್ರವಾರ ಸಭೆ. ಓದುವಾಗ ಚೀಟಿ ನಡುಗುತ್ತಿತ್ತು. ಅಧ್ಯಕ್ಷರು ಟೀ ಹೇಳಿ ಅಂದರು. ಸೆಕ್ರೆಟರಿ "ಆಡಿಟರ್ ನೋಡಿದ್ದಾರೆ ಮೇಡಂ" ಅಂದರು, ಅದೇ ಮಾತು, ನಾನು ಹೇಳಿದ್ದೇ! ನಗು ಬರುವ ಹಾಗಾಯಿತು, ತಡೆದುಕೊಂಡೆ. ಯಾರೂ ಮಾತಾಡಲಿಲ್ಲ. ಆಗ ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯ ನಿರ್ದೇಶಕರು, ನಾಲ್ಕನೇ ಸಲ ಆಯ್ಕೆಯಾದವರು, ಇವತ್ತಿನ ತನಕ ಸಭೆಯಲ್ಲಿ ಬಾಯಿ ಬಿಟ್ಟವರಲ್ಲ, ಕನ್ನಡಕ ಹಾಕಿಕೊಂಡು ಮೆಲ್ಲಗೆ "ಯಾವ ಪುಟದಾಗೆ ಐತವ್ವ ಅದು?" ಅಂತ ಕೇಳಿದರು. ಬೆರಳಿಟ್ಟು ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು. ಆಮೇಲೆ ಸೆಕ್ರೆಟರಿ ಕಡೆ ತಿರುಗಿ "ಹೇಳಪ್ಪ" ಅಂದರು.

ಮುಂದಿನ ಸಭೆಗೆ ಕ್ಯಾಶ್ ಬುಕ್ ತರುತ್ತೇನೆ ಅಂದಿದ್ದಾರೆ. ನಡಾವಳಿಯಲ್ಲಿ ಬರೆಸಿದೆ, ಬರೆದ ಮೇಲೆ ಓದಿ, ಆಮೇಲೆ ಸೈನ್ ಹಾಕಿದೆ. ಖಾಲಿ ಜಾಗ ಉಳಿದಿತ್ತು, ಅದಕ್ಕೆ ಅಡ್ಡಗೆರೆ ಎಳೆದೆ.

ಅಡಿಕೆ ಚೊಗರು
ಅಡ್ಡಗೆರೆಗೆ ಒಂದು ದೊಡ್ಡ ನಮಸ್ಕಾರ.

ಕಲಂ 69
ಮೊದಲ ಸಭೆಯ ಖಾಲಿ ಪುಟದಲ್ಲಿ ಏನು ಬರೆದುಕೊಂಡಿದ್ದಾರೆ ನೋಡಿದಿರಾ? ಅದರ ನಕಲನ್ನೂ ಅರ್ಜಿ ಕೊಟ್ಟು ಕೇಳಿ.

ಮೂರು ಹಸು
ನೋಡಿಲ್ಲ ಸರ್. ಕೇಳುತ್ತೇನೆ.

ಸೈಟಿಗೆ ಕಾದವನು
ನಮ್ಮ ಸಂಘದ ಮಹಾಸಭೆ ಮುಂದಿನ ತಿಂಗಳು ಇದೆ. ಹನ್ನೊಂದು ವರ್ಷದಲ್ಲಿ ಎರಡೇ ಸಲ ಹೋಗಿದ್ದೇನೆ. ಇಂತಿಷ್ಟು ಸಭೆಗೆ ಹೋಗದಿದ್ದರೆ ಮತದ ಹಕ್ಕೂ ಇರುವುದಿಲ್ಲ ಅಂತ ಈಗ ಗೊತ್ತಾಯಿತು. ಕರಿಹಲಗೆ ಸರ್, ಆ ಹೆಸರು ಅಳಿಸಿದ ಜೆರಾಕ್ಸ್ ಇದ್ದರೆ ಇಲ್ಲಿ ಹಾಕುತ್ತೀರಾ? ಸುಮ್ನೆ ನೋಡೋಣ ಅಂತ.

ಕರಿಹಲಗೆ
ಹಾಕುತ್ತೇನೆ. ಮೂರು ಕಡೆ ವಾಸನೆ. ಉತ್ತರ ಮಾತ್ರ ಒಂದು ವಾರ ಹೇಳುವುದಿಲ್ಲ.

ನಿವೃತ್ತ ಗುಮಾಸ್ತ
ತಂಗಿ, ಕ್ಯಾಶ್ ಬುಕ್ ಒಂದೇ ನೋಡಬೇಡ. ಬ್ಯಾಂಕ್ ಪಾಸ್‌ಬುಕ್ಕೂ ತರಿಸು, ತಾರೀಕು ತಾಳೆ ಮಾಡಿ ನೋಡು. ಇನ್ನೊಂದು ಗುಟ್ಟು. ಪುಟ ತಿರುವುವಾಗ ಶಾಯಿ ನೋಡು. ಮೂರು ತಿಂಗಳ ಬರಹ ಒಂದೇ ಪೆನ್ನಲ್ಲಿ, ಒಂದೇ ಓಟದಲ್ಲಿ ಇದ್ದರೆ ಅದು ಹಿಂದಿನ ರಾತ್ರಿ ಕೂತು ಬರೆದದ್ದು. ಹೇಗೆ ಗೊತ್ತು ಅಂತ ಮಾತ್ರ ಕೇಳಬೇಡ.

ಮೂರು ಹಸು
ಕೇಳುವುದಿಲ್ಲ ಸರ್ 😀 ಸಭೆ 14ಕ್ಕೆ ಇದೆ. ಬಂದು ಬರೆಯುತ್ತೇನೆ. ಗಬ್ಬದ ಹಸು ಇವತ್ತೋ ನಾಳೆಯೋ ಈಯುತ್ತದೆ, ತಡ ಆದರೆ ಕಾಯಿರಿ.